ಸಾಲಿನ ಕೊನೆಯಲ್ಲಿ ಪ್ರಫುಲ್ಲಾ

ಪ್ರಫುಲ್ಲಾ ಎಲ್ಲಿದ್ದಾಳೆಂದು ತಿಳಿಯಬೇಕಾದರೆ ಸಾಲು ಎಲ್ಲಿ ಮುಗಿಯುತ್ತದೆಂದು ನೋಡಿದರೆ ಸಾಕು. ಗರಿಗಳ ಭಾನುವಾರದ ಬೆಳಿಗ್ಗೆ ನಮ್ಮ ರಾಜಾಜಿನಗರದ ಸಭೆಯ ಮೆರವಣಿಗೆ ಚರ್ಚಿನ ಗೇಟು ದಾಟಿ, ತೆಂಗಿನ ಎಳೆಗರಿಗಳನ್ನು ಬೀಸುತ್ತ, ಹಾಡುತ್ತ ಅಡ್ಡರಸ್ತೆಗಳಲ್ಲಿ ಸಾಗುವಾಗ, ಮುಂದೆ ಶಿಲುಬೆ ಹಿಡಿದವರು, ಅವರ ಹಿಂದೆ ಬಿಳಿ ನಿಲುವಂಗಿಯ ಸಭಾಪಾಲಕರು, ಅವರ ಹಿಂದೆ ಗಾಯಕವೃಂದ, ಅದರ ಹಿಂದೆ ಗಾಯಕವೃಂದಕ್ಕೆ ತಮ್ಮನ್ನು ಸೇರಿಸಿಕೊಳ್ಳಲಿಲ್ಲವೆಂಬ ಸಿಟ್ಟಿಗೆ ಅದಕ್ಕಿಂತ ಜೋರಾಗಿ ಹಾಡುವ ನನ್ನಂಥವರು, ನಮ್ಮ ಹಿಂದೆ ಹೆಂಗಸರು, ಮಕ್ಕಳು, ಮೊಣಕಾಲು ನೋವಿನವರು; ಇವರೆಲ್ಲ ಮುಗಿದ ಮೇಲೆ, ತಾಳ್ಮೆಗೆಟ್ಟ ಬಿಎಂಟಿಸಿ ಬಸ್ಸಿನ ಮೂತಿಗೂ ಮೆರವಣಿಗೆಯ ಬಾಲಕ್ಕೂ ನಡುವಿನ ಅಪಾಯಕರ ಅವಕಾಶದಲ್ಲಿ, ಕಂದುಬಣ್ಣದ ಸ್ವೆಟರ್ ತೊಟ್ಟ ಒಂದು ಆಕೃತಿ, ಬಾತುಕೋಳಿಗಳನ್ನು ಕೆರೆಗೆ ಅಟ್ಟಿಕೊಂಡು ಹೋಗುವವರ ಹಾಗೆ ಎರಡೂ ಕೈಗಳನ್ನು ಮೈಯಿಂದ ತುಸು ದೂರ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಬರುತ್ತಿರುತ್ತದೆ. ಅದೇ ಪ್ರಫುಲ್ಲಾ.

ಆ ಸ್ವೆಟರಿನ ಬಗ್ಗೆ ಎರಡು ಮಾತು ಹೇಳದೆ ಮುಂದುವರಿಯುವುದು ಅಪಚಾರವಾದೀತು. ಬೆಂಗಳೂರಿನ ಚಳಿ ಎಂಬುದು ಈಗ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುವ ವಸ್ತುವಾದರೂ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅದು ಅವಳ ಮೈಮೇಲಿರುತ್ತದೆ. ಅದರ ಎರಡು ಜೋಲು ಜೇಬುಗಳಲ್ಲಿ ಒಂದು ಸಣ್ಣ ಸಂಸಾರವೇ ನಡೆದಿದೆ: ಪಿನ್ನು, ಗಾಯದ ಪಟ್ಟಿ, ಶುಂಠಿ ಪೆಪ್ಪರಮಿಂಟು, ಯಾರದೋ ಮಗುವಿನ ಒಂಟಿ ಸಾಕ್ಸು, ಯಾರದೋ ಕನ್ನಡಕದ ಮುರಿದ ಕಡ್ಡಿ. ಸಾಲಿನ ಕೊನೆಯಲ್ಲಿ ನಡೆಯುವವರಿಗೆ ಮುಂದಿನವರು ಬೀಳಿಸಿದ್ದೆಲ್ಲ ಸಿಗುತ್ತದೆ. ಸಿಕ್ಕಿದ್ದನ್ನು ಇಟ್ಟುಕೊಳ್ಳಲು ಜೇಬು ಬೇಕು. ಜೇಬಿಗಾಗಿ ಸ್ವೆಟರು ಬೇಕು. ಇದು ನನ್ನ ಊಹೆಯಲ್ಲ, ನಾನು ಕೇಳಿದಾಗ ಅವಳೇ ಕೊಟ್ಟ ವಿವರಣೆ. ಕನ್ನಡಕದ ಕಡ್ಡಿ ನನ್ನದೇ ಎಂದು ಆಮೇಲೆ ತಿಳಿಯಿತು.

ಇನ್ನು ಮಾತು. ಪ್ರಫುಲ್ಲಾ ಬಾಯಿ ತೆರೆದರೆ ಮೊದಲು ಬರುವುದು "ತಪ್ಪು ತಿಳ್ಕೋಬೇಡಿ." ಗಂಟೆ ಎಷ್ಟೆಂದು ಕೇಳಿದರೂ "ತಪ್ಪು ತಿಳ್ಕೋಬೇಡಿ ಅಂಕಲ್, ಎಂಟಾಯ್ತು" ಎನ್ನುತ್ತಾಳೆ, ಎಂಟಾದದ್ದು ತನ್ನಿಂದಲೇ ಎಂಬಂತೆ. ಮೂಡಲಪಾಳ್ಯದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಸಕ್ಕರೆ ಕಾಯಿಲೆಯ ಗಂಡಸರ ತೋಳಿಗೆ ರಬ್ಬರು ಪಟ್ಟಿ ಬಿಗಿದು, ಸೂಜಿ ಎತ್ತಿ, ಅವಳು ಕ್ಷಮೆ ಕೇಳುವುದು ಮನುಷ್ಯನನ್ನಲ್ಲ, ನರವನ್ನು. ನಾನು ಆ ಲ್ಯಾಬಿನ ಕಾಯಂ ಗಿರಾಕಿ. ಸೂಜಿ ಕಂಡೊಡನೆ ಕಣ್ಣು ಮುಚ್ಚುವ ನನ್ನಂಥ ಧೀರನಿಗೂ ಅವಳು ಚುಚ್ಚಿದ್ದು ಗೊತ್ತಾಗುವುದು ಹತ್ತಿ ಒತ್ತಿ, ತೋಳು ಮಡಚಿಸಿದ ಮೇಲೆಯೇ.

ಈ ಹಿಂದೆ ಬೀಳುವ ಅಭ್ಯಾಸಕ್ಕೆ ಒಂದು ಪೂರ್ವಕಥೆಯಿದೆ. ಅವಳು ಚಿಕ್ಕವಳಿದ್ದಾಗ ಸಂಡೆ ಸ್ಕೂಲಿನ ಮಕ್ಕಳನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. ವಾಪಸಾಗುವಾಗ ಚನ್ನಪಟ್ಟಣದಲ್ಲಿ ಬಸ್ಸು ನಿಂತಿತು, ಮಕ್ಕಳು ಬೊಂಬೆ ಅಂಗಡಿಗೆ ನುಗ್ಗಿದರು, ಶಿಕ್ಷಕಿಯರು ಕೂಗಿ ಕರೆದರು, ಬಸ್ಸು ಹೊರಟಿತು. ರಾಮನಗರ ದಾಟಿದ ಮೇಲೆ ಯಾರಿಗೋ ಒಂದು ಸೀಟು ಖಾಲಿಯಿರುವುದು ಕಂಡಿತು. ಬಸ್ಸು ತಿರುಗಿ ಓಡಿ ಬಂದಾಗ ಹುಡುಗಿ ಅಂಗಡಿಯ ಮೆಟ್ಟಿಲ ಮೇಲೆ, ಅಳದೆ, ಮರದ ಬೊಂಬೆಗಳ ನಡುವೆ ಇನ್ನೊಂದು ಬೊಂಬೆಯ ಹಾಗೆ ಕೂತಿತ್ತಂತೆ. ಓಡಿ ಬಂದು ತಬ್ಬಿಕೊಂಡ ಶಿಕ್ಷಕಿಗೆ ಅದು ಹೇಳಿದ ಮಾತು: "ತಪ್ಪು ತಿಳ್ಕೋಬೇಡಿ ಮಿಸ್, ನಾನು ಬಸ್ ಹತ್ತೋದು ಮರ್ತೋದೆ." ಅಂದಿನಿಂದ ಸಭೆಯ ಯಾವ ಪ್ರವಾಸದಲ್ಲೂ, ಯಾವ ಮದುವೆಯ ಬಸ್ಸಿನಲ್ಲೂ ಪ್ರಫುಲ್ಲಾ ಹತ್ತಿದಳೆಂದರೆ ಇನ್ನು ಕೆಳಗೆ ಯಾರೂ ಉಳಿದಿಲ್ಲವೆಂದು ಡ್ರೈವರು ಗಾಡಿ ಚಾಲೂ ಮಾಡುತ್ತಾನೆ.

ಇಂಥವಳು ನಾಯಕಿಯಾದಳೆಂದರೆ ನೀವು ನಂಬಲಿಕ್ಕಿಲ್ಲ. ಆದದ್ದು ನನ್ನ ಕಣ್ಣೆದುರಿಗೆ, ಅದೂ ಸಮುದ್ರದಾಚೆ, ಒಂದು ಹುಂಜದ ದೆಸೆಯಿಂದ.

ಕಳೆದ ಆಗಸ್ಟಿನಲ್ಲಿ ನಮ್ಮ ಸಭೆಯಿಂದ ಒಂದು ಸೇವಾ ತಂಡ ಉಗಾಂಡಾ ದೇಶಕ್ಕೆ ಹೊರಟಿತು. ಅಲ್ಲಿಯ ಮಸಾಕ ಪಟ್ಟಣದಿಂದ ಒಳಗೆ, ಕೆಂಪು ಮಣ್ಣಿನ ಹಾದಿಯಲ್ಲಿ ಕುಲುಕಾಡಿ ತಲುಪಬೇಕಾದ ಬುಕೆರೆ ಎಂಬ ಹಳ್ಳಿಯ ಸಭೆಗೂ ನಮಗೂ ಬಹುಕಾಲದ ಸ್ನೇಹ. ಅವರ ಶಾಲೆಯ ಮಕ್ಕಳಿಗೆ ಒಂದು ಅಡುಗೆಮನೆ, ಕೂತು ಉಣ್ಣಲು ಒಂದು ಪಡಸಾಲೆ ಕಟ್ಟುವುದಿತ್ತು. ಗೋಡೆಗಳನ್ನು ಊರವರು ಎಬ್ಬಿಸಿದ್ದರು. ಸೆಪ್ಟೆಂಬರಿನ ಮಳೆ ಹಿಡಿಯುವ ಮುಂಚೆ ಸೂರು ಏರಿಸಲು ನಾವು ಕೈಜೋಡಿಸಬೇಕಿತ್ತು. ಹಿಂದಿನ ವರ್ಷವೂ ಹೀಗೆಯೇ ಗೋಡೆ ಎದ್ದು, ಸೂರು ತಡವಾಗಿ, ಹಸಿ ಇಟ್ಟಿಗೆ ಮಳೆಗೆ ಕರಗಿ ಕೂತಿತ್ತಂತೆ. ಎರಡನೆಯ ಸಲವೂ ಕರಗಿದರೆ ಮೂರನೆಯ ಸಲ ಕಟ್ಟುವ ಮನಸ್ಸು ಯಾರಿಗೂ ಉಳಿಯುವುದಿಲ್ಲವೆಂದು ಅಲ್ಲಿಂದ ಬಂದ ಸಂದೇಶ.

ತಂಡದ ಮುಖಂಡರು ನಮ್ಮ ಸಭಾಪಾಲಕರು. ಅವರ ನಂತರದ ಸ್ಥಾನ ಯಾರೂ ಹೇಳದಿದ್ದರೂ ಜಯಶೀಲ ಅಂಕಲ್ ಅವರದು. ನಾನು ನಡುವಯಸ್ಸಿನವನು, ನನಗೇ ಅವರು ಅಂಕಲ್ ಎಂದ ಮೇಲೆ ಅವರ ಹಿರಿತನವನ್ನು ನೀವು ಊಹಿಸಿಕೊಳ್ಳಬಹುದು. ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ನಿವೃತ್ತರಾದವರು, ಯಂತ್ರದ ಸದ್ದನ್ನು ಮೀರಿ ಮಾತಾಡಿ ಬೆಳೆದ ಕಂಠ. ನಮ್ಮ ಸುಗ್ಗಿ ಹಬ್ಬದ ಹರಾಜಿನ ಅನಭಿಷಿಕ್ತ ದೊರೆ. ಈ ಹರಾಜನ್ನು ಕಾಣದವರಿಗೆ ಹೇಳಬೇಕು: ಸುಗ್ಗಿ ಹಬ್ಬದಂದು ಸಭೆಯವರು ಕುಂಬಳಕಾಯಿ, ಬಾಳೆಗೊನೆ, ಕೇಕು, ಜೀವಂತ ಕೋಳಿ, ಹೀಗೆ ಕೈಲಾದದ್ದನ್ನು ತಂದು ದೇವರ ಮುಂದಿಡುತ್ತಾರೆ; ಆರಾಧನೆ ಮುಗಿದ ಮೇಲೆ ಶಾಮಿಯಾನದ ಕೆಳಗೆ ಅವೆಲ್ಲ ಹರಾಜಾಗುತ್ತವೆ. ಅಲ್ಲಿ ಬೆಲೆಗೂ ವಸ್ತುವಿಗೂ ಸಂಬಂಧವಿಲ್ಲ. ಒಬ್ಬರ ಮೇಲೊಬ್ಬರು ಏರಿಸಿ ಕೂಗುವುದೇ ಭಕ್ತಿ, ಅದೇ ಮೋಜು. ಜಯಶೀಲ ಅಂಕಲ್ ಒಂದು ಕುಂಬಳಕಾಯಿಯನ್ನು ಕೂಗಿ ಹಿಡಿದು, ಮತ್ತೆ ದೇವರಿಗೇ ಕೊಟ್ಟು, ಎರಡನೆಯ ಸಲ ಹರಾಜಾದಾಗ ತಾವೇ ಹಿಡಿದು, ಮೂರನೆಯ ಸಲವೂ ಇಟ್ಟರೆಂಬುದು ನಮ್ಮಲ್ಲಿ ಚರಿತ್ರೆ.

ಉಳಿದಂತೆ ತಂಡದಲ್ಲಿ ನಾಗರಬಾವಿಯಲ್ಲಿ ಕಾನೂನು ಓದುವ ಜೀವನ್, ಅವನ ಜೊತೆ ಯಾವಾಗಲೂ ಜಗಳವಾಡುವ ಅನು, ಇಬ್ಬರು ಬಡಗಿಗಳು, ಸಭಾಪತ್ರಿಕೆಗೆ ವರದಿ ಬರೆಯಲು ನಾನು. ನನ್ನ ಹೆಸರನ್ನು ಕೊಟ್ಟವಳು ನನ್ನ ಹೆಂಡತಿ. ಸೇವೆಯ ಕರೆ ನನಗೆ ಬಂದದ್ದು ಆ ಮಾರ್ಗವಾಗಿ. ಪ್ರಫುಲ್ಲಾಳನ್ನು ಯಾಕೆ ಆರಿಸಿದರೆಂದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ನನ್ನ ಬೋರ್ಡಿಂಗ್ ಪಾಸು ಕಾಫಿ ಅಂಗಡಿಯ ಮೇಜಿನ ಮೇಲೆ ಉಳಿದು, ಅವಳ ಸ್ವೆಟರಿನ ಜೇಬಿನಿಂದ ಹೊರಬಂದಾಗ ನನಗೆ ಮಾತ್ರ ಸ್ವಲ್ಪ ಸ್ಪಷ್ಟವಾಯಿತು.

ಬುಕೆರೆಯ ಜನ ಹಾಡಿ, ಡೋಲು ಬಡಿದು ನಮ್ಮನ್ನು ಬರಮಾಡಿಕೊಂಡರು. ಆ ಸಂಭ್ರಮದಲ್ಲಿ, ಲಾರಿಯ ಹಿಂಬದಿಯಿಂದ ಇಳಿಯುತ್ತ ಕ್ಯಾಮೆರಾದ ಕಡೆ ಕೈಬೀಸಿದ ಸಭಾಪಾಲಕರು ನೆಲವಿದೆಯೆಂದು ತಿಳಿದಲ್ಲಿ ನೆಲವಿಲ್ಲದೆ ಪಾದ ಮುರಿದುಕೊಂಡರು. ಕ್ಯಾಮೆರಾ ಹಿಡಿದಿದ್ದವನು ನಾನು. ಚಿತ್ರ ಚೆನ್ನಾಗಿ ಬಂದಿದೆ. ಅವರನ್ನು ಪ್ಲಾಸ್ಟರಿಗಾಗಿ ಮಸಾಕದ ಆಸ್ಪತ್ರೆಗೆ ಸಾಗಿಸುವ ಜೀಪು ಬಂತು. ಒಳಗೆ ಮಲಗಿದ್ದ ಅವರು ತಲೆಯೆತ್ತಿ, "ಇನ್ನು ಪ್ರಫುಲ್ಲಾ ನೋಡ್ಕೊಳ್ಳಲಿ" ಎಂದರು. ನಾವೆಲ್ಲ ಹಿಂದಕ್ಕೆ ತಿರುಗಿದೆವು. ನಾಯಕರನ್ನು ನೋಡಲು ಜನ ಹಿಂದಕ್ಕೆ ತಿರುಗಿದ ಪ್ರಸಂಗ ಲೋಕದಲ್ಲಿ ಅಪರೂಪವಿರಬೇಕು. ಅವಳು ಲಾರಿಯ ಪಕ್ಕದಲ್ಲಿ, ಯಾರದೋ ಟೋಪಿ ಹೆಕ್ಕುತ್ತ ನಿಂತಿದ್ದಳು.

"ತಪ್ಪು ತಿಳ್ಕೋಬೇಡಿ ಪಾಸ್ಟರ್, ಜಯಶೀಲ ಅಂಕಲ್ ಇದ್ದಾರಲ್ಲ" ಎಂದಳು. ಜಯಶೀಲ ಅಂಕಲ್ ಅವರ ಮುಖ ನೋಡಿದರೆ ಅವರಿಗೂ ಅದೇ ಅನ್ನಿಸಿತ್ತು. ಆದರೆ ಜೀಪು ಹೊರಟುಬಿಟ್ಟಿತ್ತು.

ಮೊದಲ ಕೆಲವು ದಿನ ನಾಯಕತ್ವವೆಂದರೆ ಅವಳಿಗೆ ಎಲ್ಲರ ನೀರಿನ ಬಾಟಲಿ ತುಂಬಿಸುವುದು, ಎಲ್ಲರೂ ಸೊಳ್ಳೆಪರದೆ ಕಟ್ಟಿಕೊಂಡರೇ ಎಂದು ನೋಡುವುದು. ಅಪ್ಪಣೆಗಳನ್ನು ಜಯಶೀಲ ಅಂಕಲ್ ಕೊಡುತ್ತಿದ್ದರು. ಅವಳು "ಹೂಂ ಅಂಕಲ್" ಎನ್ನುತ್ತಿದ್ದಳು. ಕೆಲಸವೇನೋ ಓಡುತ್ತಿತ್ತು. ಊರ ಗಂಡಸರು ಹೆಂಗಸರು ಬೆಳಗಾಗುತ್ತಲೇ ಬಂದು ನೀಲಗಿರಿಯ ತೊಲೆಗಳನ್ನು ಹೊರುತ್ತಿದ್ದರು. ಅಲ್ಲಿಯ ಜನರಲ್ಲಿ ಒಂದು ಸೊಗಸಾದ ವಾಡಿಕೆ: ಕೆಲಸ ಮಾಡುತ್ತಿರುವವರನ್ನು ದಾಟಿ ಹೋಗುವಾಗ ಸುಮ್ಮನೆ ಹೋಗುವುದಿಲ್ಲ, "ಗ್ಯೆಬಾಲೆ ಕೊ" ಎನ್ನುತ್ತಾರೆ. ದುಡಿದಿರಿ, ಒಳ್ಳೆಯದಾಯಿತು ಎಂಬರ್ಥ. ನಾನು ಮರದ ನೆರಳಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದಾಗಲೂ ಅಂದರು. ವ್ಯಂಗ್ಯವಿರಲಿಲ್ಲವೆಂದೇ ನಂಬಿದ್ದೇನೆ.

ಭಾನುವಾರ ಬಂತು. ಆರಾಧನೆಯಲ್ಲಿ ಕಾಣಿಕೆಯ ಹೊತ್ತಿಗೆ ಊರವರು ಬುಟ್ಟಿಗಳಲ್ಲಿ ಮೊಟ್ಟೆ, ಕಬ್ಬು, ಬಾಳೆಗೊನೆ ತಂದು ಮುಂದಿಟ್ಟರು. ನಾಲೊಂಗೊ ಎಂದು ಊರೆಲ್ಲ ಕರೆಯುವ ಮುದುಕಿ ಒಂದು ಹುಂಜವನ್ನು ತಂದಳು. ಅವಳಿ ಮಕ್ಕಳ ತಾಯಿಗೆ ಅಲ್ಲಿ ಆ ಬಿರುದು. ಕೆಂಡದ ಬಣ್ಣದ ಮೈ, ಬಿಳಿ ಬಾಲ, ಸಭಾಪಾಲಕರಿಗಿಂತ ಗಂಭೀರ ನಡಿಗೆಯ ಹುಂಜ. ಆರಾಧನೆ ಮುಗಿದ ಮೇಲೆ ಸಭೆಯ ಉಪದೇಶಕ ಸೆಬುನ್ಯಾ ಅವರು ಮಾವಿನ ಮರದಡಿ ನಿಂತು ಅವನ್ನೆಲ್ಲ ಹರಾಜಿಗಿಟ್ಟರು. ನಮ್ಮ ಸಂತೋಷ ಏನು ಹೇಳಲಿ. ರಾಜಾಜಿನಗರವೇ ಬಂದು ಎದುರಿಗೆ ನಿಂತ ಹಾಗಾಯಿತು.

"ನಮ್ದೇ ಹಬ್ಬ ಗುರು" ಎಂದ ಜೀವನ್.

"ಅಂಕಲ್ ನೋಡು, ತೋಳು ಮಡಚ್ತಾ ಇದ್ದಾರೆ. ಕುಂಬಳಕಾಯಿ ಮೋಡ್" ಎಂದಳು ಅನು.

ನಿಜ. ಹುಂಜದ ಸರದಿ ಬರುತ್ತಲೇ ಜಯಶೀಲ ಅಂಕಲ್ ಕಂಠ ತೆರೆದರು. ಒಂದು ಬದಿಯಲ್ಲಿ ಹಳ್ಳಿಯ ಹೆಂಗಸರ ಗುಂಪು ತಮ್ಮತಮ್ಮಲ್ಲಿ ಪಿಸುಗುಟ್ಟಿ ಒಂದು ಬೆಲೆ ಕೂಗಿತು, ಇವರು ಏರಿಸಿದರು. ಗುಂಪು ಮತ್ತೆ ಪಿಸುಗುಟ್ಟಿ ಸ್ವಲ್ಪ ಏರಿಸಿತು. ಇವರು ಒಮ್ಮೆಲೇ ಹತ್ತು ಮೆಟ್ಟಿಲು ಹಾರಿದರು. ಗುಂಪು ಸುಮ್ಮನಾಯಿತು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಬಾಳೆಗೊನೆಯೂ ನಮ್ಮದು, ಮೊಟ್ಟೆಯೂ ನಮ್ಮದು. ಹುಂಜವನ್ನು ತಲೆಯ ಮೇಲೆತ್ತಿ ಹಿಡಿದ ಜಯಶೀಲ ಅಂಕಲ್ ಅವರ ಚಿತ್ರವನ್ನೂ ನಾನು ತೆಗೆದಿದ್ದೇನೆ. ಮೆರವಣಿಗೆಯಂತೆ ನಾವು ಬಿಡಾರಕ್ಕೆ ನಡೆದೆವು, ಇಕ್ಕೆಲದ ಜನಕ್ಕೆ ಕೈಮುಗಿಯುತ್ತ. ಪ್ರಫುಲ್ಲಾ ಎಂದಿನಂತೆ ಕೊನೆಯಲ್ಲಿ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಒಬ್ಬರೂ ಬರಲಿಲ್ಲ.

"ಏನೋ ಹಬ್ಬ ಇರ್ಬೇಕು ಬಿಡಿ" ಎಂದರು ಜಯಶೀಲ ಅಂಕಲ್. ನಾವೇ ಮೊದಲ ತೊಲೆಯನ್ನು ಏರಿಸಹೊರಟೆವು. ಅದು ಅರ್ಧದವರೆಗೆ ಏರಿ, ಅಲ್ಲಿ ಆಲೋಚಿಸುತ್ತ ನಿಂತು, ಬಂದ ದಾರಿಗೇ ಇಳಿಯಿತು. ನಾನು ಅದರ ಕೆಳಗಿರಲಿಲ್ಲ. ಯಾವುದೇ ತೊಲೆಯ ಕೆಳಗೆ ನನ್ನನ್ನು ನಿಲ್ಲಿಸಬಾರದೆಂದು ಬಡಗಿಗಳು ಆಗಲೇ ತೀರ್ಮಾನಿಸಿದ್ದರು. ದಿಗಂತದಲ್ಲಿ ಮೋಡ ಕಪ್ಪಾಗುತ್ತಿತ್ತು. ಪಟ್ಟಣದಿಂದ ಕೂಲಿಯವರನ್ನು ಕರೆಸೋಣವೆಂದರು ಜಯಶೀಲ ಅಂಕಲ್.

"ತಪ್ಪು ತಿಳ್ಕೋಬೇಡಿ ಅಂಕಲ್" ಎಂದಳು ಪ್ರಫುಲ್ಲಾ. "ಕೂಲಿ ಕೊಟ್ಟು ಕಟ್ಸೋದಾದ್ರೆ ನಾವು ಬರೋ ಅಗತ್ಯಾನೇ ಇರ್ಲಿಲ್ಲ. ಒಂದ್ ಸ್ವಲ್ಪ ತಡೀರಿ. ನಿನ್ನೆ ಏನೋ ಆಗಿದೆ."

"ಏನಾಗಿದೆ? ಎಲ್ಲ ನಗ್ತಾ ನಗ್ತಾ ಕಳ್ಸಿಕೊಟ್ರು."

"ನೀವು ಎದುರಿಗೆ ಹೋದಾಗ ನಗ್ತಿದ್ರು ಅಂಕಲ್. ದಾಟಿದ ಮೇಲೆ ನಗ್ತಿರ್ಲಿಲ್ಲ."

ಆ ಮಾತು ನನ್ನೊಳಗೆ ಇಂದಿಗೂ ಕೂತಿದೆ. ಮುಂದೆ ನಡೆಯುವವರಿಗೆ ಕಾಣುವುದು ಬರಮಾಡಿಕೊಳ್ಳುವ ಮುಖಗಳು. ನಾವು ದಾಟಿದ ಮೇಲೆ ಆ ಮುಖಗಳು ಏನಾಗುತ್ತವೆಂಬುದು ಕೊನೆಯಲ್ಲಿ ನಡೆಯುವವರಿಗೆ ಮಾತ್ರ ಕಾಣುತ್ತದೆ. ಹೆಂಗಸರ ಗುಂಪು ಬೇರೆ ದಾರಿ ಹಿಡಿದದ್ದು, ನಾಲೊಂಗೊ ಸೆರಗಿನ ಗಂಟನ್ನು ಬಿಚ್ಚಿ ಒಬ್ಬೊಬ್ಬರಿಗೆ ಏನನ್ನೋ ಹಿಂದಿರುಗಿಸಿದ್ದು, ಇವನ್ನೆಲ್ಲ ಪ್ರಫುಲ್ಲಾ ಕಂಡಿದ್ದಳು.

ಸೆಬುನ್ಯಾ ಅವರನ್ನು ಕರೆದುಕೊಂಡು ಅವಳು ನಾಲೊಂಗೊಳ ಮನೆಗೆ ಹೋದಳು. ವರದಿಗಾರನೆಂಬ ಹಕ್ಕಿನಿಂದ ನಾನೂ ಹಿಂಬಾಲಿಸಿದೆ. ಹಲಸಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದ ಮುದುಕಿ ಬಹಳ ಹೊತ್ತು ಮಾತಾಡಿದಳು. ಸೆಬುನ್ಯಾ ಸಭ್ಯ ಮನುಷ್ಯ. ಇಂಗ್ಲಿಷಿನಲ್ಲಿ, "ನಿಮಗೆ ಸ್ವಾಗತ ಎನ್ನುತ್ತಾಳೆ" ಎಂದಷ್ಟೇ ಹೇಳಿದರು.

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇ ಇರಲಾರದು ಸರ್" ಎಂದಳು ಪ್ರಫುಲ್ಲಾ. "ಪೂರ್ತಿ ಹೇಳಿ. ನಮಗೆ ಬೇಜಾರಾದರೂ ಪರವಾಗಿಲ್ಲ."

ಪೂರ್ತಿ ಹೀಗಿತ್ತು. ಆ ಹುಂಜವನ್ನು ಹರಾಜಿನಲ್ಲಿ ಹಿಡಿದು, ಸಂಜೆ ಬೇಯಿಸಿ, ಅತಿಥಿಗಳಿಗೆ ಬಡಿಸಬೇಕೆಂದು ಹೆಂಗಸರೆಲ್ಲ ಮೊದಲೇ ಹಣ ಕೂಡಿಸಿದ್ದರು. ಅದು ಅವರ ಪದ್ಧತಿ: ಕಾಣಿಕೆ ದೇವರಿಗೆ, ಕೋಳಿ ಅತಿಥಿಗೆ, ಎರಡೂ ಒಂದೇ ಹಣದಲ್ಲಿ. ಅತಿಥಿಯೇ ಎದ್ದು ಎದುರು ಕೂಗಿದ. "ನಮಗೆ ಉಣಿಸುವ ಶಕ್ತಿ ನಿಮಗಿಲ್ಲವೆಂದು ಊರೆದುರು ಹೇಳಿದಿರಿ. ಅಷ್ಟು ಉಳ್ಳವರು ಸೂರನ್ನೂ ನೀವೇ ಏರಿಸಬಲ್ಲಿರಿ ಎಂದುಕೊಂಡೆವು" ಎಂದಿದ್ದಳು ಮುದುಕಿ.

ಪ್ರಫುಲ್ಲಾ ನೇರವಾಗಿ ಹಿಂದಿರುಗಿದಳು. ಬಿಡಾರದ ಜಗಲಿಯಲ್ಲಿ, ಬೆಂಚಿನ ಕಾಲಿಗೆ ಕಟ್ಟಿದ ಹುಂಜಕ್ಕೆ ಜಯಶೀಲ ಅಂಕಲ್ ಅಕ್ಕಿ ಹಾಕುತ್ತಿದ್ದರು. ಅವಳು ಅವರ ಮುಂದೆ ಹೋಗಿ ನಿಂತಳು.

"ಅಂಕಲ್, ನಮ್ಮಿಂದ ತಪ್ಪಾಗಿದೆ. ಹುಂಜ ವಾಪಸ್ ಕೊಡ್ಬೇಕು" ಎಂದು ನಡೆದದ್ದನ್ನೆಲ್ಲ ಹೇಳಿದಳು.

ಜಯಶೀಲ ಅಂಕಲ್ ಕೆಂಪಾದರು. "ದೇವರ ಕೆಲಸಕ್ಕೆ ಕೊಟ್ಟಿದ್ದು ತಪ್ಪಾ? ನಾನು ಜಂಬಕ್ಕೆ ಕೂಗಿದ್ನಾ?"

"ನೀವೊಬ್ರೇ ಅಲ್ಲ. ನಾವೆಲ್ಲ ಚಪ್ಪಾಳೆ ಹೊಡೆದ್ವಿ. ನಾನು ಲೀಡರ್ ಆಗಿ ಸುಮ್ನೆ ನೋಡ್ತಾ ನಿಂತಿದ್ದೆ. ಅದಕ್ಕೇ ನಾನೇ ಹೋಗಿ ಕ್ಷಮೆ ಕೇಳ್ತೀನಿ. ನೀವು ಹುಂಜ ಹಿಡ್ಕೊಂಡು ಜೊತೇಲಿ ಬರ್ಬೇಕು."

"ನಲವತ್ತು ವರ್ಷ ಸರ್ವಿಸ್ ಮಾಡಿದೋನು ನಾನು. ಕೋಳಿ ಹಿಡ್ಕೊಂಡು ಊರ ಮುಂದೆ ನಿಂತ್ಕೋಬೇಕಾ? ಪಾಸ್ಟರ್‌ಗೆ ಫೋನ್ ಮಾಡ್ತೀನಿ."

"ಮಾಡಿ ಅಂಕಲ್. ಮಾತಾಡಿ ಆದ್ಮೇಲೆ ಬನ್ನಿ."

ಸಿಗ್ನಲ್ ಸಿಗುವ ಒಂದೇ ಜಾಗವಾದ ನೀರಿನ ತೊಟ್ಟಿಯ ಕಟ್ಟೆ ಹತ್ತಿ ಅವರು ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕುವ ಅಭ್ಯಾಸ. ಹೀಗಾಗಿ ಆ ಸಂವಾದ ನಮಗೂ ಲಭ್ಯವಾಯಿತು. ಎಲ್ಲವನ್ನೂ ಕೇಳಿದ ಸಭಾಪಾಲಕರು, "ಪ್ರಫುಲ್ಲಾ ಏನಂತಾಳೆ?" ಎಂದರು.

"ವಾಪಸ್ ಕೊಡ್ಬೇಕು ಅಂತಾಳೆ."

"ಮತ್ತೆ ನನಗ್ಯಾಕೆ ಫೋನ್ ಮಾಡಿದ್ರಿ?"

ಜಯಶೀಲ ಅಂಕಲ್ ಕಟ್ಟೆಯಿಂದ ನಿಧಾನವಾಗಿ ಇಳಿದರು. ಆ ಕ್ಷಣದಲ್ಲಿ ಪ್ರಫುಲ್ಲಾ ಗೆದ್ದ ಮುಖ ಮಾಡಿದ್ದರೆ ತಂಡ ಅಲ್ಲಿಗೆ ಎರಡಾಗುತ್ತಿತ್ತು; ಬೆಂಗಳೂರಿಗೆ ಟಿಕೆಟು ಬದಲಾಯಿಸುವ ಮಾತು ಆಗಲೇ ಅಂಕಲ್ ಅವರ ತುಟಿಯ ಮೇಲಿತ್ತು. ಅವಳು ಹಾಗೆ ಮಾಡಲಿಲ್ಲ. ಒಂದು ಸ್ಟೂಲು ತಂದಿಟ್ಟು, ಅವರನ್ನು ಕೂರಿಸಿ, ತಾನು ನೆಲದ ಮೇಲೆ ಕೂತು ಹೇಳಿದಳು: "ಸುಮ್ನೆ ವಾಪಸ್ ಕೊಟ್ರೂ ಆಗಲ್ಲ ಅಂಕಲ್. ದೇವರಿಗೆ ಕೊಟ್ಟಿದ್ದನ್ನ ನಾಲೊಂಗೊ ಹಿಂದಕ್ಕೆ ತಗೊಳ್ಳಲ್ಲ. ನಮ್ಮಲ್ಲಿ ಹಿಡಿದ ಮಾಲನ್ನ ತಿರುಗಿ ಹರಾಜಿಗೆ ಇಡ್ತಾರಲ್ಲ, ಹಾಗೆ ಇಡೋಣ. ಆದ್ರೆ ಆ ಪದ್ಧತಿ ಇವ್ರಿಗೆ ಗೊತ್ತಿಲ್ಲ. ಕುಂಬಳಕಾಯೀನ ಮೂರು ಸಲ ಇಟ್ಟೋರು ನೀವು. ನೀವೇ ಎದ್ದು ಹೇಳ್ಬೇಕು, ನೀವೇ ಹರಾಜು ಕೂಗ್ಬೇಕು. ನನ್ನ ಗಂಟಲಿಗೆ ಆಗಲ್ಲ."

ಅವರು ತಮ್ಮ ಅಂಗಿಯ ಕಡೆ ನೋಡಿಕೊಂಡರು. ಆಮೇಲೆ, "ಒಗೆದ ಶರ್ಟ್ ಇದೆಯಾ ನೋಡು ಜೀವನ್" ಎಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೆಬುನ್ಯಾ ಚರ್ಚಿನ ಡೋಲು ಬಾರಿಸಿದರು. ಜನ ಸೇರಿದರು, ಆದರೆ ಹಾಡಲಿಲ್ಲ. ಹೊರಡುವ ಮುನ್ನ ಪ್ರಫುಲ್ಲಾ ನಮ್ಮೆಲ್ಲರಿಗೂ ಒಂದೇ ನಿಯಮ ಹೇಳಿದ್ದಳು, ಹರಾಜಿನಲ್ಲಿ ನಮ್ಮವರ್ಯಾರೂ ಬೆಲೆ ಕೂಗಕೂಡದು. ಅಂದು ಅವಳು ಮುಂದೆ ನಡೆದಳು, ಆ ಒಂದು ದಿನ ಮಾತ್ರ. ಮಾವಿನ ಮರದ ತನಕ ತಾನೇ ಮೊದಲು ಹೋಗಿ, ನಾಲೊಂಗೊಳ ಎದುರು ಆ ನಾಡಿನ ಹೆಂಗಸರು ಹಿರಿಯರಿಗೆ ಮಾಡುವಂತೆ ಮೊಣಕಾಲೂರಿ ಕ್ಷಮೆ ಕೇಳಿದಳು. ಆಮೇಲೆ ಪಕ್ಕಕ್ಕೆ ಸರಿದು ಅಂಕಲ್ ಅವರಿಗೆ ದಾರಿ ಬಿಟ್ಟಳು.

ಜಯಶೀಲ ಅಂಕಲ್ ಕನ್ನಡದಲ್ಲೇ ಮಾತಾಡಿದರು. ಪ್ರಫುಲ್ಲಾ ಇಂಗ್ಲಿಷಿಗೆ ತಿರುಗಿಸಿದಳು, ಸೆಬುನ್ಯಾ ಅದನ್ನು ಊರವರ ನುಡಿಗೆ. "ಹಬ್ಬದ ಹುರುಪಿನಲ್ಲಿ ನಾನು ಅತಿಥಿ ಅನ್ನೋದನ್ನೇ ಮರ್ತೆ. ನಮ್ಮೂರಲ್ಲಿ ಹಿಡಿದದ್ದನ್ನ ಮತ್ತೆ ದೇವರ ಮುಂದೆ ಇಡೋದು ಮರ್ಯಾದೆ. ಅದನ್ನೂ ಮರ್ತೆ. ಇವತ್ತು ಇಡ್ತಾ ಇದೀನಿ. ಇದನ್ನ ಹಿಡಿಯೋ ಹಕ್ಕು ನಿಮ್ಮದು." ಹೇಳಿ ಮುಗಿಸಿ, ಹುಂಜವನ್ನು ಎತ್ತಿ, ಕಾರ್ಖಾನೆಯ ಆ ಕಂಠದಲ್ಲಿ, "ಒಂದ್ಸಾರೀ" ಎಂದು ಕೂಗಿದರು.

ಮಕ್ಕಳು ಮೊದಲು ನಕ್ಕರು. "ಒಂದ್ಸಾರೀ" ಎಂದು ತಿರುಗಿ ಕೂಗಿದರು. ಹೆಂಗಸರ ಗುಂಪಿನಲ್ಲಿ ಪಿಸುಮಾತು ಹುಟ್ಟಿತು, ಬೆಲೆ ಬಂತು. ಗಂಡಸರ ಕಡೆಯಿಂದ ಯಾರೋ ಕೆಣಕಲು ಏರಿಸಿದ, ಹೆಂಗಸರು ಅವನನ್ನು ಬೈದು ಮತ್ತೆ ಏರಿಸಿದರು. ಆ ಹುರುಪು ಹೇಗೆ ಅಂಟುತ್ತದೋ ತಿಳಿಯದು. ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಲೇಳತೊಡಗಿತು. ಹಿಂದಿನಿಂದ ಯಾರೋ ಅದರ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಪ್ರಫುಲ್ಲಾ ಯಾವಾಗ ಮತ್ತೆ ಗುಂಪಿನ ಹಿಂದಕ್ಕೆ ಹೋಗಿದ್ದಳೋ.

"ಕೈ ಕೆಳಗೆ, ಅಂಕಲ್" ಎಂದಳು.

ಕ್ಷಮೆಯ ಮುನ್ನುಡಿಯಿಲ್ಲದೆ ಅವಳು ನನಗೆ ಹೇಳಿದ ಮೊದಲ ವಾಕ್ಯ ಅದು. ನಾನು ಅದನ್ನು ಪದಕದ ಹಾಗೆ ಇಟ್ಟುಕೊಂಡಿದ್ದೇನೆ.

ಹುಂಜ ಹೆಂಗಸರ ಪಾಲಾಯಿತು. ಅಂದಿನ ಸಂಜೆ ಅದು ಬೆಂದ ಬಾಳೆಕಾಯಿಯ ಮುದ್ದೆಯ ಜೊತೆ, ನೆಲಗಡಲೆಯ ಸಾರಿನ ಜೊತೆ ನಮ್ಮ ಎಲೆಗಳ ಮೇಲೆ ಬಂತು. ದೊಡ್ಡ ತುಂಡನ್ನು ನಾಲೊಂಗೊ ತನ್ನ ಕೈಯಾರೆ ಜಯಶೀಲ ಅಂಕಲ್ ಅವರಿಗೆ ಬಡಿಸಿ ಏನೋ ಅಂದಳು. ಸೆಬುನ್ಯಾ ಈ ಸಲ ಪೂರ್ತಿ ಅನುವಾದಿಸಿದರು: ಇಷ್ಟು ಜೋರು ಗಂಟಲಿಗೆ ಇಷ್ಟಾದರೂ ಬೇಕು.

ಮರುದಿನ ನಮಗಿಂತ ಮೊದಲೇ ಊರು ಕೆಲಸದಲ್ಲಿತ್ತು. ಆಮೇಲಿನ ದಿನಗಳಲ್ಲಿ ಅಪ್ಪಣೆಗಳು ಅಂಕಲ್ ಅವರ ಬಾಯಿಂದಲೇ ಬರುತ್ತಿದ್ದವು, ಆದರೆ ಪ್ರತಿ ಅಪ್ಪಣೆಗೆ ಮುಂಚೆ ಅವರ ಕಣ್ಣು ಒಮ್ಮೆ ಹಿಂದಕ್ಕೆ, ಆ ಕಂದು ಸ್ವೆಟರಿನ ಕಡೆ ಹೋಗಿ ಬರುತ್ತಿತ್ತು. ಸೂರಿನ ಕೊನೆಯ ಶೀಟಿಗೆ ಮೊಳೆ ಬಿದ್ದ ದಿನವೇ ಮಳೆಯ ಮೊದಲ ಹನಿಗಳು ಅದರ ಮೇಲೆ ಬಡಿದವು. ಒಳಗೆ ಮಕ್ಕಳು, ನಾವು, ಊರವರು ಒಬ್ಬರಿಗೊಬ್ಬರು ಒತ್ತಿಕೊಂಡು ಆ ಸದ್ದು ಕೇಳುತ್ತ ನಿಂತೆವು. ಬಾಗಿಲ ಬಳಿ, ಅರ್ಧ ನೆನೆಯುತ್ತ, ಹೊರಗೆ ಇನ್ನು ಯಾರೂ ಇಲ್ಲವಷ್ಟೇ ಎಂದು ನೋಡುತ್ತಿದ್ದವಳು ಯಾರೆಂದು ಹೇಳಬೇಕಾಗಿಲ್ಲ. ಊರುಗೋಲಿನಲ್ಲಿ ಮರಳಿದ ಸಭಾಪಾಲಕರಿಗೆ ಅವಳು ನಾಯಕತ್ವ ಒಪ್ಪಿಸಹೋದಾಗ, "ಆ ಹುಂಜದಲ್ಲಿ ನನಗೆ ಪಾಲು ಸಿಕ್ಕಿಲ್ಲ. ತಿಂದೋರೇ ನಡೆಸಿ" ಎಂದು ಅವರು ನಕ್ಕರು.

ನವೆಂಬರಿನ ನಮ್ಮ ಸುಗ್ಗಿ ಹಬ್ಬದಲ್ಲಿ ಪರದೆಯ ಮೇಲೆ ಪ್ರವಾಸದ ಚಿತ್ರಗಳನ್ನು ತೋರಿಸಿದೆವು. ನಾನು ತೆಗೆದ ಯಾವ ಚಿತ್ರದಲ್ಲೂ ಪ್ರಫುಲ್ಲಾ ಇರಲಿಲ್ಲ. ಒಂದರ ಅಂಚಿನಲ್ಲಿ ಸ್ವೆಟರಿನ ಒಂದು ತೋಳು ಮಾತ್ರ ಇತ್ತು. "ಅದೇ ನಮ್ ಲೀಡರ್ರು" ಎಂದು ಜಯಶೀಲ ಅಂಕಲ್ ಎದ್ದು ನಿಂತು ಆ ತೋಳನ್ನು ಸಭೆಗೆಲ್ಲ ತೋರಿಸಿದರು. ಮುಂದಿನ ತಂಡವನ್ನು ಅವಳೇ ನಡೆಸಬೇಕೆಂದು ಕಮಿಟಿ ತೀರ್ಮಾನಿಸಿದೆ. ಸೇರಲಿರುವ ಹುಡುಗರಿಗೆ ಅಂಕಲ್ ಕೊಟ್ಟ ತರಬೇತಿಯನ್ನು ನಾನೇ ಕೇಳಿಸಿಕೊಂಡೆ: "ಅವಳು ತಪ್ಪು ತಿಳ್ಕೋಬೇಡಿ ಅಂತ ಶುರು ಮಾಡಿದ್ಲು ಅಂದ್ರೆ, ಕೂತಿದ್ದೋರು ಎದ್ದು ನಿಂತ್ಕೊಂಡ್ಬಿಡ್ರಪ್ಪ. ಮುಂದಿನ ಮಾತು ಮಾಡ್ಲೇಬೇಕಾದ್ದಾಗಿರುತ್ತೆ."

ಮಾತು ಅದೇ, ಸ್ವೆಟರು ಅದೇ, ಬಾತುಕೋಳಿ ಅಟ್ಟುವ ನಡಿಗೆಯೂ ಅದೇ. ಬದಲಾದದ್ದು ನಮ್ಮ ಕಿವಿ, ಅವಳ ಬೆನ್ನು. ಬೆನ್ನು ಈಗ ಸ್ವಲ್ಪ ನೆಟ್ಟಗಿದೆ.

ನಮ್ಮ ನಗರದ ವೃತ್ತಗಳಲ್ಲಿ ನಿಂತಿರುವ ಪ್ರತಿಮೆಗಳೆಲ್ಲ ಮುಂದಕ್ಕೆ ಕೈಚಾಚಿದವರವು, ಕತ್ತಿ ಎತ್ತಿದವರವು, ಕುದುರೆಯನ್ನು ಹಿಂಗಾಲಿನ ಮೇಲೆ ನಿಲ್ಲಿಸಿದವರವು. ಹಿಂದೆ ಯಾರಾದರೂ ಉಳಿದರೇ ಎಂದು ಕತ್ತು ತಿರುಗಿಸಿ ನೋಡುತ್ತಿರುವವರ ಪ್ರತಿಮೆಯನ್ನು ನಾನಂತೂ ಕಂಡಿಲ್ಲ. ಆದರೂ ಮೆರವಣಿಗೆಗಳು ಚೆದುರದೆ ಮನೆ ಸೇರುವುದು ಇಂಥವರಿಂದ. ಎಂದೋ ಒಮ್ಮೆ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಒಂಟಿಯಾಗಿ ಉಳಿದವರು ಇವರು. ಅದರ ಲೆಕ್ಕವನ್ನು ಯಾರ ಬಳಿಯೂ ಕೇಳದೆ, ಇನ್ನೊಬ್ಬರು ಹಾಗೆ ಉಳಿಯದಂತೆ ನೋಡಿಕೊಳ್ಳುವುದನ್ನೇ ಬಾಳಿನ ಉದ್ಯೋಗ ಮಾಡಿಕೊಂಡವರು. ಇವರು ಮುಂದೆ ಬರಬೇಕಾದಾಗ ಬರುತ್ತಾರೆ, ಮೊಣಕಾಲೂರುವುದಿದ್ದರೆ ತಾವು ಮೊದಲು ಊರುತ್ತಾರೆ, ಕೆಲಸವಾದೊಡನೆ ತಮ್ಮ ಜಾಗಕ್ಕೆ ಮರಳುತ್ತಾರೆ. ಈ ಸಲದ ಗರಿಗಳ ಭಾನುವಾರ ನಡುರಸ್ತೆಯಲ್ಲಿ ನನ್ನ ಷೂ ದಾರ ಬಿಚ್ಚಿತು. ನಾನು ಗಾಬರಿಯಾಗಲಿಲ್ಲ. ಮೆರವಣಿಗೆ ಹಾಡುತ್ತ ಮುಂದೆ ಹೋಗುತ್ತಿದ್ದರೂ, ಬಗ್ಗಿ, ಸಾವಧಾನವಾಗಿ ಗಂಟು ಹಾಕಿಕೊಂಡೆ. ಒಂದು ಸಮುದಾಯಕ್ಕೆ ನಾಯಕರು ಸಿಕ್ಕಿದ್ದಾರೆಂದು ಹೇಳಲು ಇಷ್ಟು ಸಾಕು: ಅದರಲ್ಲಿ ನಿಧಾನವಾಗಿ ನಡೆಯುವವನು ಕೂಡ ನಿಶ್ಚಿಂತೆಯಿಂದ ಬಗ್ಗಿ ತನ್ನ ದಾರ ಕಟ್ಟಿಕೊಳ್ಳಬಲ್ಲ.